ನಿರ್ಲಕ್ಷ್ಯದ ಸಾವು ಕೊಲೆಗಿಂತ ಹಗುರವೇ?

ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಹೆಣದ ಲೆಕ್ಕ ಹಿಡಿದರೆ ಕೊಲೆ ಕೇಸುಗಳದ್ದು ಸಣ್ಣ ಪಾಲು. ಕೊಲೆಯಾದರೆ ಕಡತ ಕಮಿಟ್ ಆಗಿ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ನಮ್ಮಲ್ಲಿ ಉಳಿಯುವುದು ಅಪಘಾತ, ಕರೆಂಟು ಹೊಡೆದದ್ದು, ಕಲ್ಲು ಕ್ವಾರಿ ಕುಸಿದದ್ದು, ಮ್ಯಾನ್‌ಹೋಲಿಗೆ ಇಳಿದವರು ಮೇಲೆ ಬಾರದ್ದು. ಇವೆಲ್ಲಕ್ಕೂ ಒಂದೇ ಕಲಂ, ನಿರ್ಲಕ್ಷ್ಯದಿಂದಾದ ಸಾವಿಗೆ ಹಳೆಯ ದಂಡಸಂಹಿತೆಯಲ್ಲಿದ್ದ 304ಎ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 106 ಆಗಿದೆ. ವಕೀಲರ ಕೋಣೆಯಲ್ಲಿ ಮಾತ್ರ ಇನ್ನೂ ‘ತ್ರೀ ನಾಟ್ ಫೋರ್ ಎ’ ಅಂತಲೇ ಓಡಾಡುತ್ತದೆ. ಕೊಲೆಗೆ ಗಲ್ಲು ಅಥವಾ ಜೀವಾವಧಿ. ಇದಕ್ಕೆ ಮೊನ್ನೆಮೊನ್ನೆಯವರೆಗೂ ಗರಿಷ್ಠ 2 ವರ್ಷ, ಇಲ್ಲವೇ ಬರೀ ದಂಡ. ಈಗ 5 ವರ್ಷ.

ಇಷ್ಟು ಅಂತರ ನ್ಯಾಯವೇ? ಪರವಾಗಿಯೂ ವಿರೋಧವಾಗಿಯೂ ನಾನೇ ಬರೆದಿದ್ದೇನೆ. ಎರಡು ಕಡೆಗೂ ವಾದಿಸುವುದು ನಮ್ಮ ಕಸುಬಿನ ಚಟ, ಕ್ಷಮಿಸಬೇಕು. ಮೊದಲನೆಯದನ್ನು ನಂಬಿಯೇ ಬರೆದೆ. ಎರಡನೆಯದು ಬರೆಯುತ್ತಾ ಬರೆಯುತ್ತಾ ಉದ್ದವಾಯಿತು, ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಪರ: ಮನಸ್ಸಿನಲ್ಲಿ ಕೊಲ್ಲದವನು ಕೊಲೆಗಾರನಲ್ಲ

ಇಬ್ಬರನ್ನು ಹೇಳುತ್ತೇನೆ. ಇಬ್ಬರ ಪರವಾಗಿಯೂ ನಾನು ವಕಾಲತ್ತು ಹಾಕಿದ್ದೆ.

ಒಬ್ಬನದು ಬದುವಿನ ಜಗಳ. ಎರಡು ಗೇಣು ನೆಲ, ದಾಯಾದಿ ತಮ್ಮನ ಜೊತೆ ಹತ್ತು ವರ್ಷದ ಮಾತಿಲ್ಲದ ಹಗೆ. ಆ ಕೇಸಿನಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳಿಗಿಂತ ನಮ್ಮನ್ನು ಮುಳುಗಿಸಿದ್ದು ಕುಲುಮೆಯವನ ಸಾಕ್ಷಿ. ‘ಸೋಮವಾರ ಬಂದು ಮಚ್ಚು ಹದ ಮಾಡಿಸ್ಕೊಂಡು ಹೋದ ಸ್ವಾಮಿ. ಕಬ್ಬು ಕಡಿಯೋಕೆ ಅಂದ. ಆ ವರ್ಷ ಅವನ ಹೊಲದಲ್ಲಿ ಕಬ್ಬೇ ಇರಲಿಲ್ಲ.’ ಕೊಲೆ ನಡೆದದ್ದು ಗುರುವಾರ. ಸೋಮವಾರದಿಂದ ಗುರುವಾರದವರೆಗೆ ಮೂರು ರಾತ್ರಿ ಅವನು ಉಂಡು, ಮಲಗಿ, ಎದ್ದಿದ್ದಾನೆ. ಮನಸ್ಸು ಬದಲಾಯಿಸಲು ಮೂರು ರಾತ್ರಿ ಸಿಕ್ಕಿತ್ತು.

ಇನ್ನೊಬ್ಬ ಈರುಳ್ಳಿ ಲೋಡಿನ ಲಾರಿ ಡ್ರೈವರು. ಬೆಳಗಿನ ಜಾವ ಐದರ ಸುಮಾರು, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟಿದ್ದ ಹುಡುಗ. ಹಿಂದಿನ ಸಂಜೆಯಿಂದ ಸ್ಟಿಯರಿಂಗ್ ಹಿಡಿದಿದ್ದವನಿಗೆ ಕಣ್ಣು ಎಳೆದಿದೆ. ಎಫ್‌ಐಆರ್‌ನಲ್ಲಿ ಎಂದಿನ ಮಾತು, ‘ಅತಿ ವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’. ನಮ್ಮ ಠಾಣೆಗಳಲ್ಲಿ ಈ ಸಾಲು ಸತ್ಯನಾರಾಯಣ ಪೂಜೆಯ ಸಂಕಲ್ಪದ ಹಾಗೆ, ಊರು ತಿಥಿ ಬದಲಾಯಿಸಿಕೊಂಡರೆ ಸಾಕು. ಅವನು ಓಡಿಹೋಗಲಿಲ್ಲ. ಹುಡುಗನನ್ನು ತಾನೇ ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ಜೀವ ದಾರಿಯಲ್ಲೇ ಹೋಯಿತು. ಕಟಕಟೆಯಲ್ಲಿ ಸಾಹೇಬರು ‘ತಪ್ಪು ಒಪ್ಪಿಕೊಳ್ತೀಯಾ’ ಎಂದು ಕೇಳಿದರೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ‘ಸೈಕಲ್ ಬೆಲ್ಲು ಕೇಳಿಸಿತ್ತು ಸಾರ್’ ಅಂದ. ಮುಂದೆ ಮಾತು ಹೊರಡಲಿಲ್ಲ.

ಇವರಿಬ್ಬರನ್ನು ಒಂದೇ ಹಗ್ಗದಲ್ಲಿ ಕಟ್ಟಲು ನನ್ನ ಕೈ ಬರುವುದಿಲ್ಲ. ಹೆಣ ಎರಡೂ ಕಡೆ ಒಂದೇ ತೂಕ, ನಿಜ. ಆದರೆ ನಾವು ತೂಗಬೇಕಾದದ್ದು ಹೆಣವನ್ನಲ್ಲ, ಮಾಡಿದವನನ್ನು.

ನಮ್ಮ ಪುರಾಣಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಕತ್ತಲಲ್ಲಿ ಸರಯೂ ನದಿಯ ಕಡೆಯಿಂದ ಕೊಡ ತುಂಬುವ ಸದ್ದು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡ ಯುವರಾಜ ದಶರಥ ಬಾಣ ಬಿಟ್ಟ. ಸತ್ತದ್ದು ಕುರುಡ ತಂದೆತಾಯಿಗೆ ನೀರು ತರಲು ಬಂದ ಮಗ. ಆ ಮುದುಕ ಶಾಪ ಕೊಡುವ ಮುಂಚೆ ಹೇಳುವ ಮಾತು ವಾಲ್ಮೀಕಿಯಲ್ಲಿದೆ: ಅರಿಯದೆ ಮಾಡಿದೆ, ಅದಕ್ಕೇ ನೀನಿನ್ನೂ ಬದುಕಿದ್ದೀಯೆ, ತಿಳಿದು ಮಾಡಿದ್ದರೆ ತಲೆ ಏಳು ಹೋಳಾಗುತ್ತಿತ್ತು. ಮಗನ ಹೆಣ ಮುಂದಿದೆ, ಕಣ್ಣಿಲ್ಲ, ಇನ್ನು ನೀರು ತಂದುಕೊಡುವವರೂ ಇಲ್ಲ. ಅಂಥ ಹೊತ್ತಿನಲ್ಲೂ ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಆ ತಂದೆಗೆ ಕಾಣುತ್ತದೆ.

ಆಣಿಮಾಂಡವ್ಯನ ಕಥೆಯೂ ಇದೇ ದಾರಿಯದು. ಮಾಡದ ಕಳ್ಳತನಕ್ಕೆ ಶೂಲಕ್ಕೇರಿದ ಮುನಿ ಯಮನ ಬಳಿಗೇ ಹೋಗಿ ಕಾರಣ ಕೇಳುತ್ತಾನೆ. ಹುಡುಗನಾಗಿದ್ದಾಗ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆಯಲ್ಲ, ಅದರ ಫಲ ಎನ್ನುತ್ತಾನೆ ಯಮ. ಮಾಂಡವ್ಯ ಸುಮ್ಮನೆ ಬರಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟ ನೀನೇ ಶೂದ್ರ ಯೋನಿಯಲ್ಲಿ ಹುಟ್ಟು ಎಂದು ಶಪಿಸಿ, ಹದಿನಾಲ್ಕು ವಯಸ್ಸಿನವರೆಗೆ ಮಾಡಿದ್ದು ಪಾಪವಲ್ಲ ಎಂದು ಕಟ್ಟಳೆಯನ್ನೂ ಹಾಕಿ ಬಂದ. ಯಮ ವಿದುರನಾಗಿ ಹುಟ್ಟಿದ. ತಕ್ಕಡಿ ಹಿಡಿದವನೇ ತೂಕ ತಪ್ಪಿದರೆ ಅವನಿಗೂ ಶಿಕ್ಷೆಯುಂಟು ಅನ್ನುವ ಕಥೆ ಇದು. (ಶೂದ್ರನಾಗಿ ಹುಟ್ಟುವುದೇ ಶಿಕ್ಷೆ ಎಂಬ ಭಾಗ ಬೇರೆ ತಕರಾರು, ಅದಕ್ಕೆ ಎರಡನೆಯ ಲೇಖನದಲ್ಲಿ ಬರುತ್ತೇನೆ.)

ಉದ್ದೇಶ ನೋಡಬೇಡಿ, ಫಲ ನೋಡಿ ಎನ್ನುವವರಿಗೆ ಒಂದು ಪ್ರಶ್ನೆ. ನಾನು ಹೆದ್ದಾರಿಯಲ್ಲಿ ಕಾರು ಓಡಿಸುತ್ತಾ ಮೊಬೈಲು ನೋಡಿದ್ದೇನೆ. ಒಂದು ಸಲವಲ್ಲ. ಇದನ್ನು ಓದುತ್ತಿರುವವರಲ್ಲೂ ಅನೇಕರು ನೋಡಿದ್ದೀರಿ. ಆ ಎರಡು ಸೆಕೆಂಡಿನಲ್ಲಿ ನನ್ನೆದುರು ಯಾವ ಮಗುವೂ ಬರಲಿಲ್ಲ. ಬಂದಿದ್ದರೆ ನಾನೂ ಕಟಕಟೆಯಲ್ಲಿ. ನನ್ನ ತಪ್ಪಿಗೂ ಆ ಡ್ರೈವರಿನ ತಪ್ಪಿಗೂ ನಡುವೆ ಇದ್ದದ್ದು ಅದೃಷ್ಟ ಮಾತ್ರ. ಬರೀ ಅದೃಷ್ಟದ ಮೇಲೆ ಒಬ್ಬನನ್ನು ಗಲ್ಲಿಗೇರಿಸಿ ಇನ್ನೊಬ್ಬನಿಗೆ ಮನೆಗೆ ಹೋಗಿ ಊಟ ಮಾಡು ಅನ್ನುವುದು ನ್ಯಾಯವಲ್ಲ, ಲಾಟರಿ.

ಮಚ್ಚು ಹಿಡಿದು ಬರುವವನು ಎದುರಿನವನಿಗೆ ‘ನೀನು ಇರಬಾರದು’ ಅನ್ನುತ್ತಾನೆ. ಸತ್ತವನ ಮನೆಯವರು ಆಮೇಲೂ ಬಾಗಿಲ ಚಿಲಕ ಎರಡೆರಡು ಸಲ ನೋಡಿ ಮಲಗುತ್ತಾರೆ. ಲಾರಿಯವನ ಮೇಲೆ ಆ ಹುಡುಗನ ತಾಯಿಗೆ ಬೆಂಕಿಯಂಥ ಸಿಟ್ಟಿತ್ತು, ಆದರೆ ಹೆದರಿಕೆಯಿರಲಿಲ್ಲ. ಸಾಕ್ಷಿ ಹೇಳಿ ಇಳಿದ ಆಕೆ ವರಾಂಡದಲ್ಲಿ ಅವನ ಪಕ್ಕದಲ್ಲೇ ಹಾದುಹೋದದ್ದನ್ನು ನಾನು ನೋಡಿದ್ದೇನೆ.

ಶಿಕ್ಷೆ ಏರಿಸಿದರೆ ರಸ್ತೆ ಸುರಕ್ಷಿತವಾಗುತ್ತದೆ ಎಂಬ ನಂಬಿಕೆಯೂ ಸಲೀಸಲ್ಲ. ಹೊಸ ಸಂಹಿತೆಯ 106ನೇ ಕಲಮಿನ ಎರಡನೆಯ ಭಾಗ ಗುದ್ದಿ, ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. 2024ರ ಜನವರಿ ಮೊದಲ ವಾರದಲ್ಲಿ ದೇಶದ ನಾನಾ ಕಡೆ ಲಾರಿ, ಟ್ಯಾಂಕರುಗಳು ರಸ್ತೆ ಬದಿ ನಿಂತವು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಸಂಹಿತೆ ಜಾರಿಗೆ ಬಂದ ದಿನ ಆ ಒಂದು ಭಾಗವನ್ನು ಬಿಟ್ಟೇ ಜಾರಿ ಮಾಡಿದರು. ಡ್ರೈವರುಗಳ ವಾದ ಸರಳವಾಗಿತ್ತು: ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಓಡಿದರೆ ಹತ್ತು ವರ್ಷ. ವೈದ್ಯರ ವಿಷಯದಲ್ಲಿ ಸುಪ್ರೀಂ ಕೋರ್ಟು 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಗೆರೆ ಎಳೆಯಿತು. ಕ್ರಿಮಿನಲ್ ಕೇಸು ಹಾಕಲು ಸಾಧಾರಣ ತಪ್ಪು ಸಾಲದು, ನಿರ್ಲಕ್ಷ್ಯ ತೀರಾ ಘೋರವಾಗಿರಬೇಕು ಎಂದಿತು. ಆ ಗೆರೆಯಿಲ್ಲದಿದ್ದರೆ ಸೀರಿಯಸ್ ಪೇಷೆಂಟನ್ನು ಮುಟ್ಟುವ ಡಾಕ್ಟರು ತಾಲ್ಲೂಕಿನಲ್ಲಿ ಸಿಗುತ್ತಿರಲಿಲ್ಲ.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅನ್ನುವುದು ಗಾದೆ. ಮಕ್ಕಳಿಗೆ ಬುದ್ಧಿ ಹೇಳುವಾಗ ಅದು ಸರಿ. ಅದನ್ನೇ ಹಿಡಿದುಕೊಂಡು ತೀರ್ಪು ಬರೆಯಲು ಕೂತರೆ ಅಡಿಕೆ ಕದ್ದವನಿಗೆ ಆನೆಯ ಶಿಕ್ಷೆಯಾಗುತ್ತದೆ, ಇಲ್ಲವೇ ಆನೆ ಕದ್ದವನು ಅಡಿಕೆಯ ದಂಡ ಕಟ್ಟಿ ಹೊರಡುತ್ತಾನೆ.

ವಿರೋಧ: ಗೊತ್ತಿದ್ದೂ ಬಿಟ್ಟವನ ಲೆಕ್ಕ

ಮೇಲಿನ ಲೇಖನದಲ್ಲಿ ಒಂದು ಜಾಣತನವಿದೆ, ಬರೆದವನಿಗೆ ಗೊತ್ತು. ನಿರ್ಲಕ್ಷ್ಯಕ್ಕೆ ಉದಾಹರಣೆಯಾಗಿ ಯಾವಾಗಲೂ ಲಾರಿ ಡ್ರೈವರನ್ನೇ ತರುತ್ತೇವೆ. ಕಣ್ಣು ಎಳೆದ ಬಡವ, ಒಂದು ಕ್ಷಣ, ಒಂದು ಸೈಕಲ್ ಬೆಲ್ಲು. ಓದುವವರ ಮನಸ್ಸು ಕರಗುತ್ತದೆ. ಹಾಗೆ ಕರಗಿದ ಮನಸ್ಸಿನ ಮರೆಯಲ್ಲಿ ಬೇರೆ ಯಾರೋ ಪಾರಾಗುತ್ತಾರೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610 ನಂಬರಿನ ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಇತ್ತು. ಕೀಟನಾಶಕಕ್ಕೆ ಬೇಕಾದ ವಸ್ತು. ಅದನ್ನು ಯಾವಾಗಲೂ ತಣ್ಣಗೆ ಇಡಬೇಕು. ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆದು ಬಿಡುವ ಸ್ಕ್ರಬರ್ ಸುಮ್ಮನೆ ನಿಂತಿತ್ತು. ಉಳಿದದ್ದನ್ನು ಮೇಲೆಯೇ ಸುಡಬೇಕಾದ ಫ್ಲೇರ್ ಗೋಪುರದ ಪೈಪಿನ ಒಂದು ತುಂಡನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಟ್ಯಾಂಕಿಗೆ ನೀರು ಸೇರಿತು, ಒಳಗೆ ಕುದಿಯಿತು, ಮಧ್ಯರಾತ್ರಿ ಕಳೆದು ಮೋಡ ಹೊರಬಿತ್ತು. ಬೇಲಿಯಾಚೆ ಜೆಪಿ ನಗರದ ಜೋಪಡಿಗಳು. ಮೆಣಸಿನಕಾಯಿ ಸುಟ್ಟ ಘಾಟು ಎಂದುಕೊಂಡು ಎದ್ದವರು ಕಣ್ಣು ಉಜ್ಜಿಕೊಳ್ಳುತ್ತಾ ಗಾಳಿ ಬೀಸುವ ದಿಕ್ಕಿಗೇ ಓಡಿದರು. ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259. ಆಮೇಲೆ ಸಾವಿನ ಪರಿಹಾರ ಪಡೆದ ಪ್ರಕರಣಗಳೇ 5,000 ದಾಟಿದವು. ಹೋರಾಟಗಾರರ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು.

ಯಾರಿಗೂ ಗೊತ್ತಿರಲಿಲ್ಲವೇ? 1981ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಸೋರಿ ಒಬ್ಬ ಕಾರ್ಮಿಕ ಸತ್ತಿದ್ದ. 1982ರಲ್ಲಿ ಅಮೆರಿಕದ ಮಾತೃ ಕಂಪನಿಯ ತಂಡವೇ ಬಂದು ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿಹೋಗಿತ್ತು. ಅದೇ ವರ್ಷ ರಾಜಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತರು ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಈ ಊರು ಜ್ವಾಲಾಮುಖಿಯ ಬಾಯಲ್ಲಿ ಕೂತಿದೆ ಎಂದು ಮತ್ತೆ ಮತ್ತೆ ಬರೆದರು. ಎರಡು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ರಾತ್ರಿ ಮಚ್ಚು ಇಟ್ಟುಕೊಂಡು ಮಲಗಿದವನ ಮೇಲೆ ಮೊದಲ ಲೇಖನ ಅಷ್ಟು ಭಾರ ಹೊರಿಸಿತಲ್ಲ. ಇಲ್ಲಿ ಎಷ್ಟು ರಾತ್ರಿ?

ಕೋರ್ಟಿನಲ್ಲಿ ಏನಾಯಿತು ಅನ್ನುವುದು ನನ್ನ ಕಸುಬಿಗೆ ಸೇರಿದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಿಬಿಐ 1987ರಲ್ಲಿ ಹಾಕಿದ ಚಾರ್ಜ್‌ಶೀಟಿನಲ್ಲಿ ಇದ್ದದ್ದು 304 ಎರಡನೆಯ ಭಾಗ. ಅಂದರೆ, ಕೊಲ್ಲುವ ಉದ್ದೇಶ ಇರಲಿಲ್ಲ, ಆದರೆ ಸಾವು ಸಂಭವಿಸೀತೆಂಬ ಅರಿವಿತ್ತು. ಶಿಕ್ಷೆ 10 ವರ್ಷದವರೆಗೆ. ಆರೋಪಿಗಳು ಸುಪ್ರೀಂ ಕೋರ್ಟಿಗೆ ಹೋದರು. 1996ರ ಸೆಪ್ಟೆಂಬರ್ 13ರಂದು ಕೋರ್ಟು, ಅಂಥ ಅರಿವು ಇತ್ತೆನ್ನಲು ಮೇಲ್ನೋಟಕ್ಕೆ ಆಧಾರ ಸಾಲದು ಎಂದು ಆರೋಪವನ್ನು 304ಎಗೆ ಇಳಿಸಿತು. ಲಾರಿ ಡ್ರೈವರಿನ ಕಲಂ. ಜಾಮೀನು ಸಿಗುವ ಕಲಂ. 14 ವರ್ಷ ಬಿಟ್ಟು 2010ರ ಜೂನ್ 7ರಂದು ಭೋಪಾಲದ ಮ್ಯಾಜಿಸ್ಟ್ರೇಟ್ ಕೋರ್ಟು ಕಂಪನಿಯ ಭಾರತೀಯ ಶಾಖೆಯ ಅಧ್ಯಕ್ಷರಾಗಿದ್ದ ಕೇಶುಬ್ ಮಹೀಂದ್ರಾ ಸೇರಿ ಬದುಕಿದ್ದ ಏಳು ಮಂದಿಗೆ ತಲಾ 2 ವರ್ಷ ಕೊಟ್ಟಿತು. ಕಾನೂನಿನಲ್ಲಿ ಅದೇ ಗರಿಷ್ಠ. ತಲಾ ಸುಮಾರು 1 ಲಕ್ಷ ರೂಪಾಯಿ ದಂಡ. ಅವತ್ತೇ 25,000 ರೂಪಾಯಿ ಬಾಂಡಿನ ಮೇಲೆ ಜಾಮೀನು, ಎಲ್ಲರೂ ಮನೆಗೆ. ಅಮೆರಿಕದ ಮುಖ್ಯಸ್ಥ ವಾರನ್ ಆ್ಯಂಡರ್ಸನ್ ದುರಂತವಾಗಿ ನಾಲ್ಕೇ ದಿನಕ್ಕೆ ಭೋಪಾಲಕ್ಕೆ ಬಂದು, ಬಂಧನವಾಗಿ, ಅವತ್ತೇ ಜಾಮೀನು ಪಡೆದು ಹೊರಟವರು 2014ರಲ್ಲಿ ಸಾಯುವವರೆಗೂ ವಿಚಾರಣೆಗೆ ಬರಲಿಲ್ಲ. 304ಎಗೆ ಇಳಿಸಿದ 1996ರ ಆ ಆದೇಶವನ್ನು ತಿದ್ದಿ ಎಂದು ಸಿಬಿಐ ಸುಪ್ರೀಂ ಕೋರ್ಟಿಗೆ ಹಾಕಿದ ಕೊನೆಯ ಹಂತದ ‘ಕ್ಯುರೇಟಿವ್’ ಅರ್ಜಿಯೂ 2011ರ ಮೇ ತಿಂಗಳಲ್ಲಿ ವಜಾ ಆಯಿತು.

ಕಂಪನಿಯ ವಾದವನ್ನೂ ಕೇಳಿ. ನೀರು ತಾನಾಗಿ ಸೇರಲಿಲ್ಲ, ಅಸಮಾಧಾನಗೊಂಡ ಒಬ್ಬ ನೌಕರ ಬೇಕೆಂದೇ ಬಿಟ್ಟ ಎಂದು ಅದು ಹೇಳುತ್ತಾ ಬಂತು. ಈ ವಾದದ ಚೆಂದ ನೋಡಿ. ದುರುದ್ದೇಶದ ಒಬ್ಬನನ್ನು ಹುಡುಕಿ ಕೊಟ್ಟುಬಿಟ್ಟರೆ ಉಳಿದವರೆಲ್ಲ ಶುದ್ಧ. ಯಂತ್ರ ನಿಲ್ಲಿಸಿದವರು, ಪೈಪು ಬಿಚ್ಚಿಟ್ಟವರು, ವರದಿ ಓದಿ ಮಡಚಿಟ್ಟವರು, ಯಾರಿಗೂ ಯಾರನ್ನೂ ಕೊಲ್ಲುವ ಮನಸ್ಸಿರಲಿಲ್ಲವಲ್ಲ! ಉದ್ದೇಶವೊಂದನ್ನೇ ತೂಕದ ಕಲ್ಲು ಮಾಡಿಕೊಂಡರೆ ಹೀಗೆ ಆಗುತ್ತದೆ. ಇಂಥವರಿಗೆ ಸತ್ತವರ ಮೇಲೆ ದ್ವೇಷವಿಲ್ಲ, ನಿಜ. ಸತ್ತವರು ಅವರ ಲೆಕ್ಕದಲ್ಲೇ ಇರಲಿಲ್ಲ. ಎರಡನೆಯದು ಕಡಿಮೆ ಪಾಪ ಎಂದು ನನಗೆ ಯಾರೂ ಇನ್ನೂ ಮನದಟ್ಟು ಮಾಡಿಲ್ಲ. ದಾಯಾದಿಯನ್ನು ಕೊಂದವನು ಕನಿಷ್ಠ ಅವನನ್ನೊಬ್ಬ ಮನುಷ್ಯನೆಂದು ಲೆಕ್ಕಕ್ಕೆ ತೆಗೆದುಕೊಂಡಿದ್ದ.

ಇನ್ನು ದಶರಥ. ಆ ಕಥೆಯನ್ನು ಮೊದಲ ಲೇಖನ ಅರ್ಧಕ್ಕೆ ನಿಲ್ಲಿಸಿತು. ‘ಅದಕ್ಕೇ ಬದುಕಿದ್ದೀಯೆ’ ಎಂದ ಆ ಮುದುಕನೇ ಮರುಮಾತಿನಲ್ಲಿ ನೀನೂ ಪುತ್ರಶೋಕದಿಂದಲೇ ಸಾಯುವೆ ಎಂದ. ರಾಮ ಕಾಡಿಗೆ ಹೋದ ಮೇಲೆ ದಶರಥ ಹಾಗೆಯೇ ಸತ್ತ. ಅರಿಯದೆ ಮಾಡಿದ್ದಕ್ಕೆ ವಾಯಿದೆ ಸಿಕ್ಕಿತು, ಖುಲಾಸೆ ಸಿಗಲಿಲ್ಲ. ಅಲ್ಲದೆ ಅವನು ಪೂರ್ತಿ ಅರಿಯದವನೂ ಅಲ್ಲ. ಶಬ್ದವೇಧಿ ವಿದ್ಯೆಯ ಹಮ್ಮು ತಲೆಗೇರಿತ್ತು. ಕಣ್ಣಿಗೆ ಕಾಣದ ಕತ್ತಲಿಗೆ, ಜನ ನೀರಿಗೆ ಬರುವ ನದಿಯ ದಡಕ್ಕೆ ಬಾಣ ಬಿಡುವವನು ಅಲ್ಲಿ ಆನೆಯೇ ಇದೆ ಎಂದು ಹೇಗೆ ತಿಳಿದ? ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ, ಅಷ್ಟೆ. ರಾಜಕುಮಾರನಿಗೆ ಅದರ ಅಗತ್ಯ ಕಾಣಲಿಲ್ಲ.

ನಮ್ಮೂರಿನದೇ ಒಂದು ಹೇಳುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ಒಳಚರಂಡಿ ಕಟ್ಟಿಕೊಂಡಿತ್ತು. ಗುತ್ತಿಗೆದಾರನ ಕಡೆಯವನು ಕೊಳೆಗೇರಿಗೆ ಬೈಕಿನಲ್ಲಿ ಹೋಗಿ ಇಬ್ಬರನ್ನು ಕರೆತಂದ. ತಲೆಗೆ 500 ರೂಪಾಯಿ, ಮೇಲೊಂದು ಕ್ವಾರ್ಟರು. ಅದು ಕುಡಿಯದೆ ಆ ವಾಸನೆಗೆ ಇಳಿಯಲಾಗುವುದಿಲ್ಲ, ಇಳಿಸುವವನಿಗೂ ಅದು ಗೊತ್ತು. ಮುಚ್ಚಳ ತೆಗೆದು ಹತ್ತು ನಿಮಿಷವೂ ಬಿಡಲಿಲ್ಲ. ಮೊದಲನೆಯವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಸದ್ದಿಲ್ಲ. ಅವನನ್ನು ಎಳೆಯಲೆಂದು ಎರಡನೆಯವನು ಹಗ್ಗವೂ ಇಲ್ಲದೆ ಇಳಿದ. ಗುಂಡಿಯ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಾಗಿದ್ದರೆ ಎರಡು ಮೂರು ಉಸಿರು ಸಾಕು. ಮೊದಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ, ಹೆಚ್ಚಾದಾಗ ಮೂಗು ಸತ್ತು ನಾತವೇ ತಿಳಿಯುವುದಿಲ್ಲ.

ನಾನು ಮನೆಯವರ ಪರ ನಿಂತಿದ್ದೆ. ಮಹಜರು ಓದಿದೆ. ಸುಮಾರು ಎರಡಡಿ ಅಗಲದ ಕಬ್ಬಿಣದ ಮುಚ್ಚಳ ಒಂದು, ನೈಲಾನ್ ಹಗ್ಗ ಒಂದು, ಪ್ಲಾಸ್ಟಿಕ್ ಬಕೆಟ್ ಒಂದು, ಬಲಗಾಲಿನ ಹವಾಯಿ ಚಪ್ಪಲಿ ಒಂದು. ಮಾಸ್ಕಿರಲಿಲ್ಲ, ಗ್ಯಾಸ್ ನೋಡುವ ಮೀಟರಿರಲಿಲ್ಲ, ಆಕ್ಸಿಜನ್ ಇರಲಿಲ್ಲ ಎಂಬುದು ಎಲ್ಲೂ ಇಲ್ಲ. ಇದ್ದದ್ದನ್ನು ಮಾತ್ರ ಮಹಜರಿನಲ್ಲಿ ಬರೆಯುತ್ತಾರೆ.

ಇದು ಒಂದು ಕ್ಷಣದ ಮರೆವಲ್ಲ. ಮನುಷ್ಯರಿಂದ ಮಲ ಹೊರಿಸಬಾರದೆಂದು 1993ರಲ್ಲೇ ಕಾಯ್ದೆ ಬಂತು. 2013ರ ಕಾಯ್ದೆ ರಕ್ಷಣಾ ಸಲಕರಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನೇ ಅಪರಾಧ ಮಾಡಿತು. ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2014ರ ಮಾರ್ಚ್‌ನಲ್ಲಿ, 1993ರಿಂದೀಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಆಂದೋಲನ ಕಟ್ಟಿದವರಲ್ಲೊಬ್ಬರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಮಲ ಹೊರುವ ಕುಟುಂಬದಲ್ಲೇ ಹುಟ್ಟಿದವರು. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಬಂದಾಗ ಎಲ್ಲ ಪೇಪರುಗಳಲ್ಲೂ ಫೋಟೊ ಬಂತು. ಇಷ್ಟೆಲ್ಲ ಆದಮೇಲೂ ಒಬ್ಬ ಗುತ್ತಿಗೆದಾರ ‘ಸಾಯ್ತಾರೆ ಅಂತ ಗೊತ್ತಿರಲಿಲ್ಲ’ ಅಂದರೆ ಅದನ್ನು ನಂಬುವುದು ಕಾನೂನಿನ ಔದಾರ್ಯ. ನಮ್ಮ ಕೇಸಿನಲ್ಲಿ ಎಫ್‌ಐಆರ್ ಆದದ್ದೂ 304ಎ ಅಡಿಯಲ್ಲೇ.

ಆ ಗುಂಡಿಗೆ ಇಳಿಯುವವರು ಯಾವ ಕೇರಿಯವರು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಈಗ ಬಾಕಿಯಿಟ್ಟ ಮಾತಿಗೆ ಬರುತ್ತೇನೆ. ಪಾಪಗಳನ್ನು ದೊಡ್ಡದು ಚಿಕ್ಕದೆಂದು ಸಾಲಾಗಿ ಜೋಡಿಸುವ ವಿದ್ಯೆಯಲ್ಲಿ ನಮ್ಮವರನ್ನು ಮೀರಿಸಿದವರು ಕಡಿಮೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಅದಕ್ಕೇ ಮೀಸಲಾದ ಹಾಗಿದೆ. ಬ್ರಹ್ಮಹತ್ಯೆ ಮಹಾಪಾತಕ. ಅದರ ಪ್ರಾಯಶ್ಚಿತ್ತದಲ್ಲಿ ಕ್ಷತ್ರಿಯನನ್ನು ಕೊಂದರೆ ನಾಲ್ಕನೇ ಒಂದು ಪಾಲು, ವೈಶ್ಯನನ್ನು ಕೊಂದರೆ ಎಂಟನೇ ಒಂದು, ಶೂದ್ರನಾದರೆ ಹದಿನಾರನೇ ಒಂದು. ಗುಂಡಿಗೆ ಇಳಿದವರು ಆ ಲೆಕ್ಕದಲ್ಲಿ ಶೂದ್ರನಿಗಿಂತ ಎಷ್ಟು ಕೆಳಗೆ ಬರುತ್ತಾರೋ! ಇವತ್ತಿನ ಕಾನೂನು ಆ ಪುಸ್ತಕ ನೋಡಿ ಬರೆದದ್ದಲ್ಲ, ಒಪ್ಪಿದೆ. 1860ರ ದಂಡಸಂಹಿತೆಯಲ್ಲಿ 304ಎ ಇರಲೇ ಇಲ್ಲ, 1870ರಲ್ಲಿ ಬ್ರಿಟಿಷರು ಸೇರಿಸಿದ್ದು. ಆದರೂ ಯಾವ ಸಾವು ಯಾವ ಕಲಮಿನೊಳಗೆ ಬೀಳುತ್ತದೆ ಎಂದು ಕೋರ್ಟಿನ ವರಾಂಡದಲ್ಲಿ ಕೂತು ನೋಡಿ. ಮಚ್ಚು ಹಿಡಿಯುವವರು ಹೊಲದವರು, ಕೂಲಿಯವರು. ಅವರ ಕೈ ಕಾಣುತ್ತದೆ, ರಕ್ತ ಕಾಣುತ್ತದೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬರುತ್ತದೆ. ಮೇಜಿನ ಹಿಂದೆ ಕೂತು ‘ಈ ತಿಂಗಳು ಬೇಡ, ಖರ್ಚು ಜಾಸ್ತಿ’ ಎಂದು ಸಹಿ ಹಾಕಿದವನ ಪೆನ್ನಿನ ಮೇಲೆ ಯಾವ ರಕ್ತದ ಕಲೆಯೂ ಸಿಗುವುದಿಲ್ಲ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ನಾಲ್ಕು ಟಿಕೆಟ್ ಹೆಚ್ಚು ಮಾರಲೆಂದು ಬಾಲ್ಕನಿಯಲ್ಲಿ ಜನ ಹೊರಹೋಗುವ ದಾರಿಗೇ ಸೀಟು ಹಾಕಿದ್ದರು. 2015ರಲ್ಲಿ ಮಾಲೀಕ ಸೋದರರು ತಲಾ 30 ಕೋಟಿ ಕಟ್ಟಿದರೆ ಅನುಭವಿಸಿದ ಜೈಲು ಸಾಕು ಎಂದಿತು ಸುಪ್ರೀಂ ಕೋರ್ಟು. 2017ರಲ್ಲಿ ಅದನ್ನು ಮರುಪರಿಶೀಲಿಸಿ ಒಬ್ಬರನ್ನು ಮಾತ್ರ ಉಳಿದ ಅವಧಿಗೆ ಒಳಗೆ ಕಳಿಸಿತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಿದೆಯೇ? 2010ರ ಫೆಬ್ರವರಿ 23. ಬೆಂಕಿಗಿಂತ ಹೊಗೆ ಹೆಚ್ಚು. ತುರ್ತು ಬಾಗಿಲುಗಳಿಗೆ ಬೀಗವಿತ್ತೆಂದು ಪೇಪರಿನಲ್ಲಿ ಬಂತು. ಕಿಟಕಿಯಿಂದ ಹಾರುತ್ತಿರುವವರನ್ನು ಟಿವಿಯಲ್ಲಿ ಇಡೀ ರಾಜ್ಯ ನೋಡಿತು. ಸತ್ತವರು ಒಂಬತ್ತು ಮಂದಿ. ಕಳ್ಳರ ಭಯಕ್ಕೆ ಹಾಕುವ ಬೀಗ ಅದು. ಕೈಯಲ್ಲಿ ಕೀ ಇಟ್ಟುಕೊಂಡು ತಿಂಗಳುಗಟ್ಟಲೆ ದಿನವೂ ಹಾಕುವ ಬೀಗ.

ಡ್ರೈವರನ್ನು ಗಲ್ಲಿಗೇರಿಸಿ ಎಂದು ನಾನೂ ಹೇಳುತ್ತಿಲ್ಲ. ಅದೃಷ್ಟದ ವಾದ ಅವನ ಮಟ್ಟಿಗೆ ಸರಿ. ಆದರೆ ಒಂದು ಕ್ಷಣ ಕಣ್ಣು ಎಳೆದದ್ದಕ್ಕೂ, ತಿಂಗಳುಗಟ್ಟಲೆ ದಿನ ಬೆಳಗಾದರೆ ಅದೇ ತೀರ್ಮಾನವನ್ನು ಮತ್ತೆ ಮತ್ತೆ ಮಾಡಿದ್ದಕ್ಕೂ ‘ನಿರ್ಲಕ್ಷ್ಯ’ ಎಂಬ ಒಂದೇ ಹೆಸರಿಟ್ಟದ್ದು ಕಾನೂನಿನ ಸೋಮಾರಿತನ. ಹಾಗೆ ನೋಡಿದರೆ ಆ ಡ್ರೈವರನ್ನು ಹಿಂದಿನ ಸಂಜೆಯಿಂದ ನಿದ್ದೆಯಿಲ್ಲದೆ ಓಡಿಸಿದ, ಬೆಳಗಾಗುವ ಮುಂಚೆ ಮಂಡಿಗೆ ಈರುಳ್ಳಿ ಮುಟ್ಟದಿದ್ದರೆ ಬಾಡಿಗೆ ಹಿಡಿಯುತ್ತೇನೆ ಎಂದ ಲಾರಿ ಮಾಲೀಕನ ಹೆಸರು ಆ ಚಾರ್ಜ್‌ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಅವನು ಕೋರ್ಟಿಗೆ ಬಂದದ್ದು ಒಂದೇ ಸಲ, ಲಾರಿ ಬಿಡಿಸಿಕೊಳ್ಳಲು. ಡ್ರೈವರಿನ ವಕೀಲನಾಗಿ ನಾನೂ ಆ ಮಾತು ಎತ್ತಲಿಲ್ಲ. ನನ್ನ ಫೀಸು ಕೊಡುತ್ತಿದ್ದವನು ಅವನೇ.

ದಾರಿ ಇಲ್ಲವೆಂದಲ್ಲ. ಮುಂಬೈಯಲ್ಲಿ 2006ರಲ್ಲಿ ಕುಡಿದು ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಏಳು ಕೂಲಿಕಾರರನ್ನು ಕೊಂದವನಿಗೆ ಸುಪ್ರೀಂ ಕೋರ್ಟು 2012ರಲ್ಲಿ 304 ಎರಡನೆಯ ಭಾಗವನ್ನೇ ಎತ್ತಿಹಿಡಿಯಿತು. ಕುಡಿದು ಓಡಿಸುವವನಿಗೆ ಏನಾದೀತೆಂಬ ಅರಿವು ಇದ್ದೇ ಇರುತ್ತದೆ ಎಂದಿತು. ಶಿಕ್ಷೆ ಬರೀ 3 ವರ್ಷ, ಇರಲಿ. ನಮ್ಮದೇ ರಾಜ್ಯದ ಒಂದು ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು 304ಎಗೆ 250 ರೂಪಾಯಿ ದಂಡ ಹಾಕಿ ಕಳಿಸಿದ್ದನ್ನು ಅದೇ ಕೋರ್ಟು 1987ರಲ್ಲಿ 6 ತಿಂಗಳ ಕಠಿಣ ಸಜೆಗೆ ಏರಿಸಿತ್ತು. ಒಂದು ಗೇರ್ ಮೇಲೆ ಹಾಕಲು ಬರುತ್ತದೆ. ಡ್ರೈವರುಗಳ ವಿಷಯದಲ್ಲಿ ಬರುತ್ತದೆ, ಕಾರ್ಖಾನೆಯ, ಕಂಟ್ರಾಕ್ಟಿನ ವಿಷಯ ಬಂದಾಗ ಗೇರು ಕಚ್ಚುವುದಿಲ್ಲ.

ಮ್ಯಾನ್‌ಹೋಲಿನ ಕೇಸು ಹೇಗೆ ಮುಗಿಯಿತೆಂದು ಕೇಳುವಿರಿ. ಪರಿಹಾರದ ಚೆಕ್ಕು ಬಂತು, ನಾಲ್ಕು ವರ್ಷ ತಡವಾಗಿ. ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. ಅವರನ್ನು ಬೈಕಿನಲ್ಲಿ ಕರೆತಂದದ್ದು ಯಾರೆಂದು ಯಾರಿಗೂ ನೆನಪಿರಲಿಲ್ಲ. ತೀರ್ಪಿನ ದಿನ ಎರಡನೆಯ ಹುಡುಗನ, ಹಗ್ಗವಿಲ್ಲದೆ ಇಳಿದನಲ್ಲ, ಅವನ ಅಪ್ಪ ಬಂದಿದ್ದ. ಆದೇಶವನ್ನು ಕನ್ನಡದಲ್ಲಿ ಹೇಳಿದೆ. ಖುಲಾಸೆ ಎಂಬುದು ಅವನಿಗೆ ಅರ್ಥವಾಯಿತು. ಅವನು ಕೇಳಿದ್ದು ಬೇರೆ.

‘ಲಾಯರ್ರೆ, ಹಂಗಾದ್ರೆ ನನ್ನ ಮಗ ಸುಮ್ನೆ ಇಳಿದ ಅಂತ ಬರೆದಿದಾರಾ?’

ಆದೇಶವನ್ನು ಮತ್ತೊಮ್ಮೆ ತಿರುವಿ ನೋಡಿದೆ. ಹಾಗೆಂದು ಬರೆದಿರಲಿಲ್ಲ. ಹೇಗೆ ಇಳಿದ ಎಂದೂ ಬರೆದಿರಲಿಲ್ಲ.